ಸಿರುಗುಪ್ಪದ ಪಾಲಿಗೆ ಬಂದ ನಕಲಿ ಕಪ್

೧೯೬೬ನೇ ಇಸವಿಯ ಮಾರ್ಚ್ ತಿಂಗಳಲ್ಲಿ ಲಂಡನ್ ಪಟ್ಟಣದಲ್ಲಿ ಫುಟ್‌ಬಾಲಿನ ವಿಶ್ವಕಪ್ ಕಳುವಾಯಿತು. ಪೊಲೀಸರಿಗೆ ಸಿಗದ ಅದನ್ನು ಒಂದು ನಾಯಿ ಬೇಲಿಯ ಬುಡದಲ್ಲಿ ಪತ್ತೆ ಮಾಡಿತು. ಈ ಸುದ್ದಿಯಿಂದ ಲಂಡನ್ನಿನವರಿಗಿಂತ ಹೆಚ್ಚು ಕಳವಳಗೊಂಡದ್ದು ಬಳ್ಳಾರಿಯ ಕೋಟೆ ಫುಟ್‌ಬಾಲ್ ಮಂಡಳಿ. ಅದು ತುರ್ತು ಸಭೆ ಸೇರಿ, ತನ್ನ ಬಳಿ ನಾಯಿ ಇಲ್ಲದಿರುವುದನ್ನು ವಿಷಾದದಿಂದ ಗಮನಿಸಿತು. ತನ್ನ ಬೆಳ್ಳಿಯ ಕಪ್ಪನ್ನು ಕಬ್ಬಿಣದ ಬೀರುವಿನಲ್ಲಿ ಇಡತಕ್ಕದ್ದೆಂದೂ, ಗೆದ್ದವರಿಗೆ ಹಿತ್ತಾಳೆಯ ನಕಲಿಯನ್ನು ಕೊಡತಕ್ಕದ್ದೆಂದೂ ನಿರ್ಣಯಿಸಿತು. ನಿರ್ಣಯ ಮಂಡಿಸಿದವರು ಕಾರ್ಯದರ್ಶಿ ವಿರೂಪಾಕ್ಷಪ್ಪನವರು. ನಕಲಿ ತಯಾರಾದದ್ದು ಬ್ರೂಸ್‌ಪೇಟೆಯ ಅವರದೇ ಪಾತ್ರೆ ಅಂಗಡಿಯಲ್ಲಿ. ಬೇರೆ ಕಡೆ ಮಾಡಿಸಿದರೆ ಗುಟ್ಟು ರಟ್ಟಾದೀತೆಂಬ ಕಾಳಜಿ ಅವರದು.

ಹೊರಮೈಗೆ ಬೆಳ್ಳಿ ನೀರು ಕುಡಿಸಿದ್ದ ಆ ನಕಲಿಯನ್ನು ಆ ವರ್ಷ ಗೆದ್ದವರು ಕುರುಗೋಡಿನವರು. ಅವರ ಅಧ್ಯಕ್ಷ ಗಾದಿಲಿಂಗಪ್ಪನವರು ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಪಕ್ಕದಲ್ಲಿ ಬಂದೂಕು ಹಿಡಿದ ಕಾವಲುಗಾರನನ್ನು ನಿಲ್ಲಿಸಿದರು. ಮರುವರ್ಷದ ಪಂದ್ಯಗಳಿಗೆಂದು ಮಂಡಳಿ, ಅದು ಬರೀ ನಕಲಿ ಎಂದು ತಿಳಿಸಿ, ಕಪ್ ವಾಪಸು ಕೇಳಿತು.

"ನಕಲಿ ಆಗಿದ್ರ ಈಗ್ಲೇ ಕೊಡ್ತಿದ್ವಿ. ಇದು ಅಸಲಿ ಐತಿ, ಕೊಡಾಂಗಿಲ್ಲ," ಅಂದರು ಗಾದಿಲಿಂಗಪ್ಪನವರು. "ನಕಲಿ ಅಂತ ಅಂದು ನೋಡ್ರಿ, ನಮ್ಮೂರವರು ಆಡಾಕೂ ಬರಾಂಗಿಲ್ಲ, ನೋಡಾಕೂ ಬರಾಂಗಿಲ್ಲ."

ಕುರುಗೋಡಿನವರು ಬಾರದಿದ್ದರೆ ಟಿಕೆಟು ಕೊಳ್ಳುವವರಿರಲಿಲ್ಲ. ಮಂಡಳಿ ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿ ಪ್ರಕಟಣೆ ಹೊರಡಿಸಿತು: "ಬಂದೂಕಿನ ಕಾವಲು ಇರುವುದರಿಂದ ಕುರುಗೋಡಿನ ಕಪ್ಪೇ ಅಸಲಿ. ಕಾವಲಿಲ್ಲದ ಕಾರಣ ಬೀರುವಿನಲ್ಲಿರುವುದು ನಕಲಿ."

ಆ ಸಲ ಫೈನಲ್ ಗೆದ್ದದ್ದು ಸಿರುಗುಪ್ಪ. ಗೋಲು ಹೊಡೆದವನು ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಜಡೆಪ್ಪ. ಅಸಲಿ ಕಪ್ ತರುತ್ತೇನೆಂದು ಅವ್ವನಿಗೆ ಮಾತು ಕೊಟ್ಟು ಬಂದವನ ಕೈಗೆ, ಬೀರುವಿನಲ್ಲಿ ಕೂತು ಕೂತು ಕರ್ರಗೆ ಮಸಿಯಂತಾಗಿದ್ದ ನಕಲಿ ಬಂತು. ಬಸ್ಸಿನಲ್ಲಿ ಅದನ್ನು ಗೋಣಿಚೀಲದೊಳಗೆ ಹಾಕಿ ಕಾಲಸಂದಿಯಲ್ಲಿಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಊರು ಸೇರಿದ.

ಅವ್ವ ಪಾರಮ್ಮ ಹುಣಸೆಹಣ್ಣು, ಬೂದಿ ತಗೊಂಡು ಕೂತಳು. ತಿಕ್ಕುತ್ತ ತಿಕ್ಕುತ್ತ ಅವಳ ಕೈ ನಿಂತಿತು.

"ಜಡ್ಯಾ, ಇದು ಬೆಳ್ಳಿ ಐತಲ್ಲೋ!"

ಜಡೆಪ್ಪನಿಗೆ ಖುಷಿಗಿಂತ ಮೊದಲು ಹೆದರಿಕೆ ಆಯಿತು. ಪರರ ಬೆಳ್ಳಿ ಮನೆಯಲ್ಲಿಟ್ಟುಕೊಂಡು ನಿದ್ದೆ ಮಾಡುವ ಆಸಾಮಿ ಅವನಲ್ಲ. ಮರುದಿನವೇ ಬಳ್ಳಾರಿಗೆ ಹೋಗಿ ಕಾರ್ಯದರ್ಶಿಗಳ ಮುಂದೆ ನಿಂತ.

"ಸಾವ್ಕಾರ್ರ, ಏನೋ ತಪ್ಪಾಗೇತ್ರಿ. ನಮಗ ಕೊಟ್ಟಿದ್ದು ಅಸಲಿ ಐತಿ. ನಮ್ಮವ್ವ ತಿಕ್ಕಿ ನೋಡ್ಯಾಳ."

ವಿರೂಪಾಕ್ಷಪ್ಪನವರು ಎದ್ದು ಬಾಗಿಲು ಹಾಕಿದರು. "ಮಂಡಳಿ ಅಪ್ಪಣಿ ಇಲ್ದ ಕಪ್ ತಿಕ್ಕಾಕ ನಿಮ್ಮವ್ವಗ ಅಧಿಕಾರ ಕೊಟ್ಟೋರು ಯಾರು? ಅಸಲಿ ಕಪ್ ಮನ್ಯಾಗ ಇಟ್ಕೊಂಡ್ರ ಅದು ಕಳುವಿನ ಮಾಲು, ತಿಳೀತಿಲ್ಲೋ? ಈಗ ಹೇಳು, ಅಸಲಿಯೋ ನಕಲಿಯೋ?"

ಜಡೆಪ್ಪ ಯೋಚಿಸಿದ. "ನಕಲಿರೀ."

"ಶಾಣ್ಯಾ ಅದೀ," ಎಂದು ಅವರು ದನಿ ಇಳಿಸಿದರು. "ಆ ಹಳೇ ನಕಲಿ ನಮ್ಮ ಅಂಗಡಿಗೆ ತಂದು ಕೊಡು. ಹೊಸಾದು ಕೊಡ್ತೀನಿ. ಅದಕ್ಕಿಂತ ದೊಡ್ಡದು."

ಬೆಳ್ಳಿ ಕರಗಿಸುವ ಲೆಕ್ಕ ಇದು ಎಂದು ಜಡೆಪ್ಪನಿಗೆ ಹೊಳೆದದ್ದು ಬಸ್ಸು ಹತ್ತಿದ ಮೇಲೆ. ಸತ್ಯ ಹೇಳಾಕ ಹೋಗಿ ಕಪ್ ಕಳಕೊಳ್ಳೋ ಹಂಗಾತಲ್ಲ ಎಂದು ದಾರಿಯುದ್ದಕ್ಕೂ ಹಲ್ಲು ಕಡಿದ. ಪಾರಮ್ಮ ಎಲ್ಲ ಕೇಳಿ, "ಬೇಕಾದ್ರ ಅವ್ರ ಬರ್ಲಿ," ಅಂದಳು.

ಅವರೇ ಬಂದರು. ಉರಿಬಿಸಿಲು. ಅಂಗಳದ ತುಂಬ ತಂಡದ ಹುಡುಗರು, ಓಣಿಯ ಮಂದಿ. ಪಾರಮ್ಮ ಥಳಥಳ ಹೊಳೆಯುವ ಕಪ್ಪಿನ ತುಂಬ ಮಜ್ಜಿಗೆ ತಂದು ಮುಂದೆ ಹಿಡಿದಳು.

ಪಾತ್ರೆ ವ್ಯಾಪಾರಿಯ ಬಾಯಿ ತಡೆಯಲಿಲ್ಲ. "ಹಿತ್ತಾಳ್ಯಾಗ ಮಜ್ಜಿಗಿ ಹಾಕಬಾರ್ದಮ್ಮಾ, ಕಿಲುಬು ಏಳತೈತಿ!"

"ನಿನ್ನೆ ಹಾಕಿದ್ದು, ಇನ್ನಾ ಎದ್ದಿಲ್ರಿ," ಅಂದಳು ಪಾರಮ್ಮ. "ಯಾಕ್ರಿ, ಇದು ಹಿತ್ತಾಳಿ ಅಲ್ಲೇನ್ರಿ? ಅಲ್ಲಾಂದ್ರ ಹೇಳಿಬಿಡ್ರಿ, ಹುಡುಗ್ರು ಈಗ್ಲೇ ಕುರುಗೋಡಿಗೆ ಹೋಗಿ ಗಾದಿಲಿಂಗಪ್ಪನವರ ಕಿವಿಗೆ ಹಾಕತಾರ."

ವಿರೂಪಾಕ್ಷಪ್ಪನವರು ಎರಡೂ ಕೈಯಲ್ಲಿ ಕಪ್ ಎತ್ತಿ ಗಟಗಟ ಕುಡಿದು, ಮೀಸೆ ಒರೆಸಿಕೊಂಡು, "ಅಪ್ಪಟ ಹಿತ್ತಾಳಿ," ಎಂದರು.

"ಹಂಗಾರ ಹಳೇ ಹಿತ್ತಾಳಿ ಹೊರೋ ತ್ರಾಸು ನಿಮಗ್ಯಾಕ್ರಿ," ಎಂದು ಜಡೆಪ್ಪ ಕಪ್ಪನ್ನು ವಿನಯದಿಂದ ಅವರ ಕೈಯಿಂದ ಇಸಿದುಕೊಂಡ. "ಇಲ್ಲೇ ಇರಲಿ ಬಿಡ್ರಿ."

ಸಿರುಗುಪ್ಪದವರು ನಕಲಿಯಲ್ಲೇ ಮಜ್ಜಿಗೆ ಕುಡಿದರಂತೆ ಎಂಬ ಸುದ್ದಿ ಕುರುಗೋಡು ಮುಟ್ಟಲು ತಡವಾಗಲಿಲ್ಲ. ನಾವೇನು ಕಡಿಮೆ ಎಂದು ಗಾದಿಲಿಂಗಪ್ಪನವರು ಗಾಜಿನ ಪೆಟ್ಟಿಗೆ ತೆಗೆಸಿ, ಕಾವಲುಗಾರನ ಸಮಕ್ಷಮ ತಂಡಕ್ಕೆಲ್ಲ ಅಸಲಿಯಲ್ಲೇ ಮಜ್ಜಿಗೆ ಕುಡಿಸಿದರು. ಕಪ್ಪಿನ ಒಳಗೆ ಹಸಿರು ಬಂತು. ಆಟಗಾರರು ಚೊಂಬು ಹಿಡಿದು ಬಯಲಿಗೆ ಓಡಿದರು. ಬಂದೂಕು ಗೋಡೆಗೆ ಒರಗಿಸಿ ಕಾವಲುಗಾರನೂ ಓಡಿದ.

ಮಂಡಳಿಯ ವಿಶೇಷ ಸಭೆ ಸೇರಿತು. ಎರಡೂ ಊರಿನವರು ಹಾಜರಿದ್ದರು. ವಿರೂಪಾಕ್ಷಪ್ಪನವರು ಗಂಟಲು ಸರಿಪಡಿಸಿಕೊಂಡು ಹೊಸ ನಿಯಮ ಓದಿದರು: "ಅಸಲಿ ಕಪ್ ಅತ್ಯಂತ ಸೂಕ್ಷ್ಮವಾದುದರಿಂದ ಅದರಲ್ಲಿ ಮಜ್ಜಿಗೆ, ಮೊಸರು ಇತ್ಯಾದಿ ಹುಳಿ ಪದಾರ್ಥಗಳನ್ನು ಹಾಕತಕ್ಕದ್ದಲ್ಲ. ಅಂಥವನ್ನು ಆಟಗಾರರ ಆರೋಗ್ಯದ ದೃಷ್ಟಿಯಿಂದ ನಕಲಿಯಲ್ಲಿ ಮಾತ್ರ ಸೇವಿಸತಕ್ಕದ್ದು."

ಹೊಟ್ಟೆ ಹಿಡಿದುಕೊಂಡೇ ಎದ್ದು ನಿಂತ ಗಾದಿಲಿಂಗಪ್ಪನವರು, ಅಸಲಿಯ ಮರ್ಯಾದೆ ಉಳಿಯಿತೆಂದು ಹೇಳಿ ನಿಯಮವನ್ನು ಅನುಮೋದಿಸಿದರು. ಸಭೆ ಚಪ್ಪಾಳೆ ತಟ್ಟಿತು. ಜಡೆಪ್ಪನೂ ತಟ್ಟಿದ, ಎಲ್ಲರಿಗಿಂತ ಜೋರಾಗಿ.