ಹಲ್ಲಿಗೆ ಮೂರು ಪಾಳಿ

ನಮ್ಮ ಕಾಕಾನಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಅದನ್ನು ಹೇಳಲು ಅವನ ಹೆಂಡತಿ, ನಮ್ಮ ಕಾಕು ಇದ್ದಾಳೆ, ಅರ್ಧ ರಾಯಬಾಗವೇ ಇದೆ. ನಾನು ಕೇಳುವುದಿಷ್ಟೇ: ಬಿ.ಪಿ. ತೋರಿಸಿಕೊಂಡು ಬರುತ್ತೇನೆಂದು ಮಿರಜಕ್ಕೆ ಹೋದ ಮನುಷ್ಯ ಹಲ್ಲಿ ತೆಗೆದುಕೊಂಡು ಮನೆಗೆ ಬಂದರೆ ಅವನನ್ನು ಏನೆಂದು ಕರೆಯಬೇಕು, ನೀವೇ ಹೇಳಿ!

ಹಲ್ಲಿ ಎಂದರೆ ಗೋಡೆಯ ಮೇಲೆ ಲೊಚಗುಟ್ಟುವ ಬಡಪಾಯಿಯಲ್ಲ. ಆಸ್ಟ್ರೇಲಿಯಾದ ಮರುಭೂಮಿಯ ಕುಲದ್ದು. ಮೊಳದುದ್ದ, ಮೈತುಂಬ ಮುಳ್ಳು, ಗದ್ದಕ್ಕೆ ಮುಳ್ಳಿನದೇ ಗಡ್ಡ! ಮಿರಜದ ಗೆಳೆಯನೊಬ್ಬ ಶೋಕಿಗೆಂದು ತಂದು, ಸಾಕಲಾರದೆ, ಗಾಜಿನ ಪೆಟ್ಟಿಗೆ, ಕಾವಿನ ದೀಪ, ಕಾಗದಪತ್ರಗಳ ಸಮೇತ ಇವನಿಗೆ ದಾಟಿಸಿದ್ದ. "ಇದಕ್ಕ ದಿನಾ ಕಾವು ಕೊಡಬೇಕು" ಎಂದು ಅವನು ಅಂದದ್ದೇ ತಡ, ನಮ್ಮ ಕಾಕಾ ಕರಗಿಹೋದ. ಕರಗದೆ ಏನು ಮಾಡಿಯಾನು? ಸಕ್ಕರೆ ಕಾರ್ಖಾನೆಯೊಂದರಲ್ಲಿ ಆಯುಷ್ಯವೆಲ್ಲ ಬಾಯ್ಲರ್ ಕಾಯ್ದವನು. ನಿವೃತ್ತನಾದ ಮೇಲೆ ಕಾಯಲು ಏನೂ ಸಿಗದೆ, ಅಡುಗೆಮನೆಯ ಬಾಗಿಲಲ್ಲಿ ನಿಂತು ಕುಕ್ಕರಿನ ಕೂಗಿನಲ್ಲಿ ತಪ್ಪು ಹುಡುಕುತ್ತಿದ್ದ.

ಹಲ್ಲಿಯನ್ನು ಅವನು ಬಲಭುಜದ ಮೇಲೆ ಕೂರಿಸಿಕೊಂಡ ದಿನ ಕಾಕು ಗಾಬರಿಯಿಂದ ಪಂಚಾಂಗ ತೆಗೆದಳು. ಹಲ್ಲಿ ಬಿದ್ದರೆ ಏನು ಫಲ ಎಂಬ ಪುಟವನ್ನು ಎರಡೆರಡು ಸಲ ಓದಿದಳು.

"ಬಿದ್ರ ಏನಂತ ಬರದಾರ. ತಾನಾಗೇ ಎತ್ತಿ ಹೆಗಲಮ್ಯಾಲ ಕುಂಡ್ರಿಸಿಕೊಂಡ್ರ ಏನಂತ ಬರದಿಲ್ಲ. ಹಿಂತಾ ಮನಶ್ಯಾ ಹುಟ್ಟತಾನಂತ ಅವರಿಗೇನ ಗೊತ್ತಿತ್ರಿ!"

"ಲಾಭ ಅಂತ ತಿಳಕೋ."

"ಯಾರಿಗ್ರಿ?"

"ಹಲ್ಲಿಗೆ!"

ಪೆಟ್ಟಿಗೆಯೊಳಗೆ ಒಂದು ಉಷ್ಣಮಾಪಕವಿತ್ತು. ಅದರ ಮುಳ್ಳು ಕೂದಲೆಳೆಯಷ್ಟು ಆಚೀಚೆ ಸರಿದರೂ ಕಾಕಾ ಎದ್ದು ನಿಲ್ಲುತ್ತಿದ್ದ. ಕಾರ್ಖಾನೆಯ ಹಾಗೆ ಮೂರು ಪಾಳಿ ಮಾಡಿದ. ಬೆಳಗಿನದು ಅವನದು, ಮಧ್ಯಾಹ್ನದ್ದೂ ಅವನದು, ಸಂಜೆ ದೀಪ ಆರಿಸುವ ಪಾಳಿಯೂ ಅವನದೇ! ಹಾರೂಗೇರಿಯಲ್ಲಿ ನನ್ನ ತಮ್ಮನ ಮದುವೆ. ಅಕ್ಷತೆಯ ಅಕ್ಕಿಕಾಳು ಎಸೆದವನೇ ಕಾಕಾ ಚಪ್ಪಲಿ ಹುಡುಕತೊಡಗಿದ.

"ಉಂಡರ ಹೋಗೋ ಕಾಕಾ," ಎಂದೆ.

"ಆಗೂದಿಲ್ಲಪಾ. ಮನ್ಯಾಗ ಬದಲಿ ಮನಶ್ಯಾ ಯಾರೂ ಇಲ್ಲ."

ಇದ್ದ ಒಬ್ಬಳೇ ಬದಲಿಯಾದ ಕಾಕು ಮೊದಲ ಪಂಕ್ತಿಯಲ್ಲಿ ಕೂತು ಜಿಲೇಬಿ ತಿನ್ನುತ್ತಿದ್ದಳು. ಗಂಡನ ಕಡೆ ತಿರುಗಿಯೂ ನೋಡಲಿಲ್ಲ.

ಇನ್ನು ಅದರ ಊಟ! ದಾಸವಾಳ, ಕುಂಬಳಕಾಯಿಯನ್ನು ಕಾಕು ಹೇಗೋ ಸಹಿಸಿದಳು. ಆದರೆ ಜೀವಂತ ಮಿಡತೆ? ಅದಕ್ಕಾಗಿ ಕಾಕಾ ಕಂಡವರ ಕಬ್ಬಿನ ಹೊಲಗಳಿಗೆ ಇಳಿದ. ವಿಷ ತಿಂದ ಮಿಡತೆ ಹಲ್ಲಿಯ ಹೊಟ್ಟೆ ಸೇರಬಾರದೆಂದು, ಹೆಣ್ಣು ನೋಡಲು ಬಂದವರಂತೆ ಮೊದಲು ವಿಚಾರಣೆ.

"ಔಷಧ ಏನರ ಹೊಡದೀರೇನ್ರಿ?"

ಯಾರೋ ಅಧಿಕಾರಿ ತಪಾಸಣೆಗೆ ಬಂದಿದ್ದಾರೆಂದು ತಿಳಿದು ಹೊಲದವನು ಕೈಮುಗಿದ. "ಇಲ್ರಿ ಸಾಹೇಬ್ರ, ದೇವರಾಣಿ ಒಂದ ಹನಿ ಹೊಡದಿಲ್ಲ!"

"ಚಲೋ ಆತು. ಹಂಗಾರ ಎರಡ ಮಿಡಚಿ ಹಿಡಕೊಂತೀನ್ರಿ."

ಹೀಗೆಲ್ಲ ನಗುತ್ತಿರುವಾಗಲೇ ಚಳಿಗಾಲ ಬಂತು, ಹಲ್ಲಿ ಊಟ ಬಿಟ್ಟಿತು. ಕಟ್ಟಿಗೆಯ ತುಂಡಿನ ಕೆಳಗೆ ಹೊಕ್ಕು ಕಣ್ಣು ಮುಚ್ಚಿತು. ಮುಟ್ಟಿದರೆ ತಣ್ಣಗೆ. ಕಾಕಾ ದೊಡ್ಡ ದೀಪ ಹಾಕಿದ. ಅದು ಇನ್ನೂ ಮೂಲೆಗೆ ಸರಿಯಿತು. ಅವನೂ ಊಟ ಬಿಟ್ಟ. ಕೊನೆಗೆ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ನಾವಿಬ್ಬರೂ ಚಿಕ್ಕೋಡಿಯ ದನದ ಡಾಕ್ಟರರ ಹತ್ತಿರ ಹೋದೆವು.

"ನಾನು ಎಮ್ಮಿ ಆಕಳಾ ನೋಡಾಂವ್ರಿ," ಎಂದು ಅವರು ತಮಗಿಂತ ತಿಳಿದ ಗೆಳೆಯರೊಬ್ಬರಿಗೆ ಫೋನ್ ಹಚ್ಚಿದರು. ತೂಕ ಮಾಡಿದರು, ಬಾಯಿ ನೋಡಿದರು. "ರೋಗ ಏನೂ ಕಾಣೂದಿಲ್ಲ. ಥಂಡ್ಯಾಗ ಹಿಂಗ ಮಲಗತಾವಂತ. ಕಾವು ಕಮ್ಮಿ ಮಾಡಿ, ಅದರ ಪಾಡಿಗೆ ಬಿಡ್ರಿ."

ಸಂಜೆ ಮನೆಗೆ ಬಂದು ಹಲ್ಲಿಯನ್ನು ಪೆಟ್ಟಿಗೆಗೆ ಬಿಟ್ಟ ಕಾಕಾ ದೀಪದ ಬಟನ್ ಮೇಲೆ ಬೆರಳಿಟ್ಟು ನಿಂತ. ಒತ್ತಲು ಆಗಲಿಲ್ಲ.

"ಕಾವು ಇಳಿಸಿದ ಮ್ಯಾಲ ಏನ ಉಳಿತೈತ್ಯೋ?" ಎಂದ. "ನನಗೂ ಒಂದಿನಾ ಹಾರ ಹಾಕಿ, ಸಾಕು ಮನಿಗೆ ಹೋಗು ಅಂದ್ರು. ಅವತ್ತಿಂದ ನಾ ಯಾತಕ್ಕ ಅದೀನಿ ಅನ್ನೂದ ತಿಳಿವಲ್ದು."

ಇಷ್ಟು ದಿನ ನಕ್ಕಿದ್ದ ನಾನು ಹಲ್ಲಿಯ ಟವೆಲನ್ನು ಮಡಚತೊಡಗಿದೆ. ರೊಟ್ಟಿ ತಟ್ಟುತ್ತಿದ್ದ ಕಾಕು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಬೆರಳು ಸರಿಸಿ ತಾನೇ ದೀಪ ಆರಿಸಿದಳು. ಆಮೇಲೆ ಅವನನ್ನು ಕೂಡಿಸಿ ಪಕ್ಕದಲ್ಲಿ ಕೂತಳು.

"ಮಲಗ್ಲಿ ಬಿಡ್ರಿ. ಏನೂ ಮಾಡದ ಸುಮ್ಮನ ಮಲಗಿದ್ರೂ ಅದು ನಮ್ಮನಿದ ಅಲ್ಲೇನು? ನೀವೂ ಹಂಗರಿ. ಏನೂ ಮಾಡಬ್ಯಾಡ್ರಿ, ಸುಮ್ಮನ ಇರ್ರಿ. ನೀವು ಇದ್ರ ನನಗ ಸಾಕು."

ಚಳಿ ಕಳೆದ ಮೇಲೆ ಹಲ್ಲಿ ಎದ್ದು ಕುಂಬಳಕಾಯಿ ತಿಂದಿತು, ಆ ಮಾತು ಬೇರೆ. ಆ ಸಂಜೆ ಮಾತ್ರ ನಮ್ಮ ಕಾಕಾ ಕಾಕುವಿನ ಹಿಟ್ಟಿನ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ. ನಾನೂ ಅತ್ತೆ.