ಕೋಗಿಲೆ ಮರಿ ಬಿದ್ದ ದಿನ

ಬನಹಟ್ಟಿಯಲ್ಲಿ ಮಗ್ಗದ ಸದ್ದಿನೊಳಗೇ ಹುಟ್ಟಿ ಬೆಳೆದ ನನಗೆ ಗದ್ದಲದ ಭಯವಿಲ್ಲ. ಸದ್ದಿಲ್ಲದೆ ಬರುವುದಕ್ಕೇ ಹೆದರಿಕೆ. ಅಂಗಳದ ಬೇವಿನ ಗಿಡದಲ್ಲಿ ಕಾಗೆ ಗೂಡು ಕಟ್ಟಿದ ವರ್ಷ ಆ ಹೆದರಿಕೆ ಹಿಂದಿನಿಂದ ಹಾರಿ ಬಂದು ನನ್ನ ಬೋಳುತಲೆಗೇ ಕುಕ್ಕಿತು.

ಕಾಗೆಯನ್ನು ಬೈದು ಪ್ರಯೋಜನವಿಲ್ಲ. ಆ ಬೇಸಿಗೆಯಿಡೀ ಒಂದು ಗಂಡು ಕೋಗಿಲೆ, ಮೈಯೆಲ್ಲ ಕಪ್ಪು, ಕಣ್ಣು ಕೆಂಡ, ಗೂಡಿನ ಹತ್ತಿರವೇ ಕೂತು ಕೂಗಿ ಕಾಗೆಗಳನ್ನು ಕೆರಳಿಸುತ್ತಿತ್ತು. ಅವು ಅದನ್ನು ಅಟ್ಟಿಸಿಕೊಂಡು ಹೋದದ್ದೇ ತಡ, ಮೈತುಂಬ ಬಿಳಿ ಚುಕ್ಕೆಯ ಕಂದು ಹಕ್ಕಿಯೊಂದು ಮೆಲ್ಲಗೆ ಗೂಡು ಹೊಕ್ಕು ಬರುತ್ತಿತ್ತು. ಅದನ್ನು ನಾನು ಗಿಡುಗವೆಂದೇ ತಿಳಿದಿದ್ದೆ. "ಅದೂ ಕೋಗಿಲಿನ ಅಪ್ಪಾ, ಹೆಣ್ಣು. ಕಾಗಿ ಗೂಡಿನ್ಯಾಗ ತತ್ತಿ ಇಟ್ಟು ಹೋಗ್ತೈತಿ" ಎಂದಳು ಮಗಳು ಸವಿತಾ.

ಸವಿತಾಳನ್ನು ನೋಡಲು ಮುಧೋಳದಿಂದ ಗಂಡಿನವರು ಬರುವ ದಿನವೇ ಆ ತತ್ತಿಯ ಮರಿ ಹಾರಲು ಹೋಗಿ ಬಾಗಿಲ ಮುಂದೆ ಬಿತ್ತು. ಅದನ್ನು ತಮ್ಮದೇ ಮರಿಯೆಂದು ಸಾಕಿದ ಕಾಗೆಗಳೆರಡೂ ಅಂಗಳಕ್ಕೆ ಕಾಲಿಟ್ಟವರ ಮೇಲೆ ಎರಗತೊಡಗಿದವು. ಹಿಂದೆ ಬಂದ ಸಂಬಂಧವೊಂದು ನನ್ನ ಚಡಪಡಿಕೆ ನೋಡಿ, ಇವರು ಏನೋ ಮುಚ್ಚಿಡುತ್ತಿದ್ದಾರೆಂದು ಹಿಂದೆ ಸರಿದಿತ್ತು. ಹೆಂಡತಿ ಬೇರೆ, "ಅವರ ತಲಿಗಿ ಕಾಗಿ ಬಡಿದ್ರ ಆತು, ಅಪಶಕುನ ಅಂತ ಹೊಳ್ಳಿ ಹೋಗ್ತಾರ" ಎಂದಳು.

ಛತ್ರಿ ಹಿಡಿದು ನಿಂತೆ. ಕಾರು ಬಂತು. ಮೊದಲು ಇಳಿದ ಹುಡುಗನ ತಾಯಿಯ ತಲೆಯ ಮೇಲೆ ಛತ್ರಿ ಹಿಡಿಯಲು ಓಡಿದೆ. ನನ್ನ ತಲೆ ಬಯಲಾಯಿತು. ಕಾಗೆಯ ಪೆಟ್ಟಿಗೆ ಛತ್ರಿ ಬಿಟ್ಟು ನೆಲಕ್ಕೆ ಕೂತುಬಿಟ್ಟೆ.

ಆಗ ಸವಿತಾ ಹೊಸ ಸೀರೆಯಲ್ಲೇ ತಲೆಯ ಮೇಲೆ ಮೊರ ಹಿಡಿದು ಹೊರಗೆ ಬಂದಳು. ಹುಡುಗ ಕಾರಿನಿಂದ ಇಳಿದು ಬಂದು ಮೊರ ಇಸಿದುಕೊಂಡು ಅವಳ ತಲೆಗೆ ಅಡ್ಡ ಹಿಡಿದ. ಅವಳು ಎರಡೂ ಕೈಯಲ್ಲಿ ಮರಿಯನ್ನೆತ್ತಿ ಟೊಂಗೆಯ ಮೇಲೆ ಕೂರಿಸಿದಳು.

ಹುಡುಗನ ತಾಯಿ ಇದನ್ನೆಲ್ಲ ನೋಡಿ, ನೆಲದ ಮೇಲಿದ್ದ ನನ್ನನ್ನೂ ನೋಡಿ, "ನಿಮ್ಮಪ್ಪ ಯಾವಾಗ್ಲೂ ಹಿಂಗನ ಏನವ್ವಾ?" ಎಂದರು.

ಸವಿತಾ ಸುಳ್ಳು ಹೇಳುವವಳಲ್ಲ.

"ಹೌದ್ರಿ. ನಮಗ ರೂಢಿ ಆಗೈತಿ."

"ಹಂಗಾದ್ರ ನಮ್ಮ ಮನ್ಯಾಗ ನಿನಗೇನೂ ಹೊಸಾದು ಅನ್ನಿಸೂದಿಲ್ಲ ಬಿಡು" ಎಂದು ಅವರು ಕಾರಿನ ಕಡೆ ಕೈಮಾಡಿದರು. ಹುಡುಗನ ತಂದೆ ತಲೆಗೆ ಟವೆಲ್ ಸುತ್ತಿಕೊಂಡು, ಗಾಜು ಏರಿಸಿಕೊಂಡು ಒಳಗೇ ಕೂತಿದ್ದರು.

ಹತ್ತಿರ ಹೋದೆ. ಗಾಜು ತುಸು ಇಳಿಯಿತು.

"ಕಾಗಿ ಹೋದ್ವೇನ್ರಿ?"

"ಇಲ್ರಿ, ಇಲ್ಲೇ ಅದಾವು."

"ಹಂಗಾದ್ರ ಒಳಗ ಬರ್ರಿ" ಎಂದು ಬಾಗಿಲು ತೆರೆದರು.

ಮನೆಗೆ ಬಂದವರನ್ನು ಒಳಗೆ ಕರೆಯಬೇಕಾದವನು ನಾನು. ಅವರ ಪಕ್ಕ ಹೋಗಿ ಕೂತು ಬಾಗಿಲು ಹಾಕಿಕೊಂಡೆ.