ಲಂಡನ್ ಸಿಕ್ಕಿತು, ಹೆಂಡತಿ ಸಿಗಲಿಲ್ಲ

ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷ ದುಡಿದ ನನಗೆ ಮನೆಯಲ್ಲಿ ವಿಜ್ಞಾನಿಯೆಂಬ ಗೌರವ ಎಳ್ಳಷ್ಟೂ ಇಲ್ಲ. 2004ರಲ್ಲಿ ವಿದ್ಯಾನಗರದ ನಮ್ಮ ಮನೆಗೆ ಉಪಗ್ರಹದಿಂದ ಹಾಡುವ ಡಿಜಿಟಲ್ ರೇಡಿಯೋ ತಂದೆ. ಗೊರಗೊರ ಎನ್ನುತ್ತಿದ್ದ ಹಳೆಯ ಸೆಟ್ಟನ್ನು ನಮ್ಮ ಓಣಿಯ ಮೆಕ್ಯಾನಿಕ್ ಬಡೇಸಾಬನಿಗೆ ದಾನ ಮಾಡಿದೆ. ಹೆಂಡತಿ ಭುವನೇಶ್ವರಿಯನ್ನು ಕೇಳಲಿಲ್ಲ. (ಕೇಳಿದ್ದರೆ ಕೊಡುವುದು ಸಾಧ್ಯವಿರಲಿಲ್ಲ.)

“ಹಳೇದ್ರಾಗ ದನಿ ಏರಿಳಿದಂಗ ಅಲೆನೂ ಏರಿಳೀತೈತಿ. ದಾರ್ಯಾಗಿನ ಗದ್ಲಾ ಎಲ್ಲಾ ಹತ್ಕೊಂಡು ಬರ್ತೈತಿ,” ಎಂದು ಉಪನ್ಯಾಸ ಆರಂಭಿಸಿದೆ. “ಇದ್ರಾಗ ದನಿನ ಸೊನ್ನಿ, ಒಂದು ಅಂತ ಅಂಕಿ ಮಾಡಿ ಕಳಸ್ತಾರ. ನಾಕಂಕಿ ತಪ್ಪಿದ್ರೂ ಸೆಟ್ಟು ತಾನ ತಿದ್ಕೋತೈತಿ.”

“ತಪ್ಪು ತಿದ್ಕೊಳ್ಳೋದು ಒಂದಾದ್ರೂ ಮನಿಗೆ ಬಂತಲ್ಲ,” ಎಂದಳು.

ಆದರೆ ಅದರ ಆಂಟೆನಾಕ್ಕೆ ಆಕಾಶದ ದರ್ಶನ ತಪ್ಪುವಂತಿಲ್ಲ. ಎದುರಿಗೆ ಒದ್ದೆ ಚಾದರ ಒಣಹಾಕಿದರೆ ಪೂರ್ತಿ ಮೌನವ್ರತ. ಹಳೆಯದು ಗೊಣಗುತ್ತಲಾದರೂ ಮಾತು ಮುಂದುವರಿಸುತ್ತಿತ್ತು.

ಒಂದು ಮಂಗಳವಾರ ಭುವನೇಶ್ವರಿ ಇಳಕಲ್ ಸೀರೆಯುಟ್ಟು ರೇಡಿಯೋ ಮುಂದೆ ಕುಳಿತಳು.

“ಧಾರವಾಡ ಹಚ್ರಿ. ಹನ್ನೊಂದಕ್ಕ ಮಹಿಳೆಯರ ಕಾರ್ಯಕ್ರಮದಾಗ ನನ್ನ ಭಾಷಣ ಐತಿ. ಹೋದ ತಿಂಗಳ ರಿಕಾರ್ಡ್ ಮಾಡ್ಕೊಂಡಾರ. ನೀವು ಒಮ್ಮೆಲೆ ಕೇಳಿ ಬೆರಗಾಗ್ಲಿ ಅಂತ ಹೇಳಿರಲಿಲ್ಲ.”

ಗುಂಡಿ ಒತ್ತಿದೆ. ಲಂಡನ್ ಬಂತು. ಅರಬ್ಬಿ ಸುದ್ದಿ ಬಂತು. ಒಂದರ ಹಿಂದೊಂದು ನಲವತ್ತು ಕೇಂದ್ರಗಳು ಹೆಸರು ಸಮೇತ ಪರದೆಯ ಮೇಲೆ ಮೂಡಿದವು. ಧಾರವಾಡ ಬರಲಿಲ್ಲ. ಆ ಉಪಗ್ರಹದಲ್ಲಿ ಧಾರವಾಡಕ್ಕೆ ಜಾಗವೇ ಇರಲಿಲ್ಲ. ಕೊಳ್ಳುವಾಗ ಅದನ್ನು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ.

“ಇಪ್ಪತ್ತು ಕಿಲೋಮೀಟರ್ ದೂರದ ಊರು ಸಿಗೂದಿಲ್ಲೇನ್ರಿ?” ಎಂದಳು. ಆಮೇಲೆ ಮೆಲ್ಲಗೆ, “ಚಪ್ಪಲಿ ಮೆಟ್ಕೋರಿ.”

ಓಡಿದೆವು. ಬಡೇಸಾಬನ ಅಂಗಡಿಯಲ್ಲಿ ನಮ್ಮದೇ ಸೆಟ್ಟು ಗೊರಗೊರ ನಡುವೆ ಭುವನೇಶ್ವರಿಯ ಧ್ವನಿಯಲ್ಲಿ ಮಾತಾಡುತ್ತಿತ್ತು. ಸುತ್ತ ಐದಾರು ಗಿರಾಕಿಗಳು.

“ನಮ್ಮ ಮನೆಯವರಿಗೆ ವರ್ಷಕ್ಕೊಮ್ಮೆ ಯಂತ್ರದ ಜ್ವರ ಬರುತ್ತದೆ. ಹೋದ ಸಲ ಮಿಕ್ಸರ್ ಸುಧಾರಿಸಿದರು. ಶೇಂಗಾ ಚಟ್ನಿಯನ್ನು ನಾವು ಗೋಡೆಯಿಂದ ಕೆರೆದು ತಿಂದೆವು…”

ಗಿರಾಕಿಗಳು ಹೊಟ್ಟೆ ಹಿಡಿದುಕೊಂಡರು. ಬಡೇಸಾಬ ಕಣ್ಣೊರೆಸಿಕೊಂಡು ನನ್ನನ್ನು ಕೇಳಿದ: “ಯಾರ್ರೀ ಸರ ಈ ಪುಣ್ಯಾತ್ಮ?”

“ಯಾರೋ ಪಾಪ,” ಎಂದೆ.

ಭುವನೇಶ್ವರಿ ಗದ್ದ ಎತ್ತಿ ನನ್ನತ್ತ ತೋರಿಸಿದಳು, ಅಷ್ಟೇ.

ಎಲ್ಲರೂ ತಿರುಗಿ ನೋಡಿದರು. ಹಿರಿಯ ಗಿರಾಕಿಯೊಬ್ಬರು ಎದ್ದು ಬಹಳ ಮರ್ಯಾದೆಯಿಂದ ತಮ್ಮ ಸ್ಟೂಲು ನನ್ನ ಕಡೆ ಸರಿಸಿದರು.

“ಕುಂದರ್ರಿ ಸರ. ಇನ್ನಾ ಹತ್ತು ನಿಮಿಷ ಐತಂತ.”